ವಂಶದ ಹೊಂಗೂದಲು

“ಅಪ್ಪಾ, ದಮ್ಮಯ್ಯ ಅಂತೀನಿ, ಅಲ್ಲಿ ಯಾರ ತಲೆನೂ ದಿಟ್ಟಿಸಿ ನೋಡ್ಬೇಡ!”

ದೊಡ್ಡ ಮನೆಯ ಮೆಟ್ಟಿಲ ಮೇಲೆ ಮಗಳು ಮತ್ತೆ ಬೇಡಿಕೊಂಡಳು. ಅಪ್ಪನ ಕಸುಬು ವಿಗ್ ಹೊಲಿಯುವುದು. ಯಾರೇ ಎದುರಾದರೂ ಅವನ ಕಣ್ಣು ಮೊದಲು ಹೋಗುವುದು ನೆತ್ತಿಗೆ. ಬೀಗರಾಗುವವರ ಮುಂದೆ ಮಾತ್ರ ಅವಳು ‘ಅಪ್ಪನದು ರಫ್ತು ವ್ಯಾಪಾರ’ ಎಂದು ರೈಲು ಬಿಟ್ಟಿದ್ದಳು. ವಲಸೆ ಬಂದ ಕಪ್ಪು ಹುಡುಗಿ ಎಂದು ಅವರು ಮೊದಲೇ ಮೂಗು ಮುರಿದಿದ್ದರು. ಕೂದಲು ಹೆಕ್ಕುವವನ ಮಗಳು ಎಂದೂ ಗೊತ್ತಾದರೆ ಮದುವೆ ಮುರಿದಂತೆಯೇ. ಅವರಲ್ಲೊಬ್ಬಳಾಗಿ ಕಾಣಬೇಕೆಂದು ಹೋದ ವರ್ಷ ಸೊಂಟದುದ್ದದ ಜಡೆಯನ್ನೇ ಕತ್ತರಿಸಿಕೊಂಡಿದ್ದಳು. ಅಪ್ಪ ಅದನ್ನು ಕೈಯಲ್ಲಿ ಹಿಡಿದು ಅತ್ತೇಬಿಟ್ಟಿದ್ದ.

ಒಳಗೆ ಭಾವೀ ಮಾವನವರ ತಲೆಗೂದಲು ಬಂಗಾರದಂತೆ ಫಳಫಳ ಹೊಳೆಯುತ್ತಿತ್ತು.

“ಹೊಂಗೂದಲು ಅಂದ್ರೆ ಇವರ ವಂಶದ ಗುರುತು,” ಎಂದರು ಅತ್ತೆ. “ಅರವತ್ತಾದ್ರೂ ಒಂದೆಳೆ ಉದುರಿಲ್ಲ. ಹೋದ ವರ್ಷದಿಂದಂತೂ ಇನ್ನೂ ದಟ್ಟ! ನನಗೂ ಮುಟ್ಟೋಕೆ ಬಿಡಲ್ಲ, ಅಷ್ಟು ಜೋಪಾನ. ರಕ್ತ ಅಂದ್ರೆ ರಕ್ತ!” ಆಮೇಲೆ ಹುಡುಗಿಯ ಕಡೆ ತಿರುಗಿದರು. “ನಿಂದು ಪಾಪ, ತಂತಿ ಬ್ರಷ್ಷು.”

ಅಪ್ಪ ಮಾವನವರ ನೆತ್ತಿಯನ್ನು ದಿಟ್ಟಿಸಿ ನೋಡಿಯೇಬಿಟ್ಟ. ಮಾವನವರು ಬೆವೆತರು. ಅತ್ತೆ ಫ್ಯಾನ್ ಹಾಕಲು ಎದ್ದರೆ “ಬೇಡ, ಬೇಡ!” ಎಂದು ಚೀರಿದರು. ಅಪ್ಪನ ರಟ್ಟೆ ಹಿಡಿದು ಪಕ್ಕದ ಕೋಣೆಗೆ ಎಳೆದೊಯ್ದರು. ಬಾಗಿಲು ಮುಚ್ಚಿತು. ಮಗಳು ಮನಸ್ಸಿನಲ್ಲೇ ಹಣೆ ಚಚ್ಚಿಕೊಂಡಳು. ಅಯ್ಯೋ, ಗುಟ್ಟು ರಟ್ಟಾಯಿತು!

ಬಾಗಿಲು ತೆರೆದಾಗ ಮಾವನವರು ಹಲ್ಲು ಕಿರಿಯುತ್ತಿದ್ದರು. “ಮದುವೆ ಮುಂದಿನ ತಿಂಗಳೇ! ಎಂಥಾ ಮನೆತನ, ಎಂಥಾ ಸಂಸ್ಕಾರ!”

ಅತ್ತೆ ಗಂಡನನ್ನೂ ಬೀಗರನ್ನೂ ಮಿಕಮಿಕ ನೋಡಿದರು.

ಬೀದಿಗೆ ಬಂದದ್ದೇ ಮಗಳು ಅಪ್ಪನ ತೋಳು ಜಗ್ಗಿದಳು. “ಏನಪ್ಪಾ ಮೋಡಿ ಮಾಡ್ದೆ?”

“ಮೋಡಿ ಏನು ಬಂತು? ಆಸಾಮಿ ನನ್ನ ಗಿರಾಕಿ. ಮುಖ ಮುಚ್ಕೊಂಡು ಹಿಂಬಾಗಿಲಿಂದ ಬರ್ತಾರೆ. ತಲೆಯೋ, ತೊಳೆದಿಟ್ಟ ಕುಂಬಳಕಾಯಿ! ಹೆಂಡ್ತಿಗೆ ಹೇಳ್ಬೇಡಿ ಅಂತ ಕೈ ಮುಗಿದ್ರು.”

ಮಗಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಮುಖ ಸಪ್ಪಗಾಯಿತು. “ಆದ್ರೂ ಅತ್ತೆ ನನ್ನ ಕೂದಲನ್ನ ಆಡ್ಕೊಳ್ಳೋದು ಬಿಡಲ್ಲಪ್ಪಾ. ತಂತಿ ಬ್ರಷ್ಷಂತೆ!”

ಅಪ್ಪ ಅವಳ ಮೋಟುಗೂದಲು ಸವರಿದ.

“ಆಡ್ಕೊಳ್ಳಲಿ ಬಿಡು. ಬಂಗಾರದ ಬಣ್ಣ ಹಾಕಿದ್ದಷ್ಟೇ ನಾನು. ಆ ವಂಶದ ಗುರುತು ಹೋದ ವರ್ಷ ನೀನು ಕತ್ತರಿಸಿದ ಜಡೆ ಕಣೇ.”