ಮುಖವಿಲ್ಲದ ಬೊಂಬೆಯ ನಡಿಗೆ

ಸಿನಿಮಾ ಪರದೆಯಲ್ಲಿ ಬೊಂಬೆ ಮೂರನೆಯ ಮೆಟ್ಟಿಲ ಮೇಲೆ ನಿಂತಿತು. ಕಂಬಿ ಹಿಡಿಯಿತು. ತಿರುಗಿ ಖಾಲಿ ಬೀದಿಯ ಕಡೆ ನೋಡಿತು. ಕತ್ತಲು ತುಂಬಿದ ಸಭಾಂಗಣದಲ್ಲಿ ಮಾಲ್ಲೆ ಎದ್ದು ನಿಂತುಬಿಟ್ಟಳು.

"ಏಂಡೆಲ್," ಎಂದಳು.

ಪಕ್ಕದ ಮನೆಯ ಹಿಲ್ಯಾ ಅವಳ ತೋಳು ಜಗ್ಗಿ ಕೂರಿಸಿದಳು. "ಮರದ ತುಂಡು ಕಣೇ ಅದು. ಮೂಗಿಲ್ಲ, ಬಾಯಿಲ್ಲ. ಅದರೊಳಗೆ ನಿನ್ನ ಗಂಡ ಎಲ್ಲಿಂದ ಬಂದ?"

ಮುಖವಿರಲಿಲ್ಲ, ನಿಜ. ಆದರೆ ಆ ನಡಿಗೆ ಇತ್ತು. ಎಡಗಾಲನ್ನು ತುಸು ಹೊರಗೆ ಎಸೆದಿಡುವುದು, ಬಲಭುಜ ಇಳಿಬಿಡುವುದು, ಹತ್ತಿಪ್ಪತ್ತು ಹೆಜ್ಜೆಗೊಮ್ಮೆ ನಿಂತು ಹಿಂದಕ್ಕೆ ನೋಡುವುದು. ಇಪ್ಪತ್ತಾರು ವರ್ಷ ಮಾಲ್ಲೆ ಆ ಬೆನ್ನಿನ ಹಿಂದೆಯೇ ನಡೆದಿದ್ದಳು. ಏಂಡೆಲ್‌ನದು ಬಿರುಸು, ಅವಳದು ನಿಧಾನ. ಬರುತ್ತಿದ್ದಾಳೋ ಇಲ್ಲವೋ ಎಂದು ಅವನು ಹಾಗೆ ತಿರುಗುತ್ತಿದ್ದ.

ಹನ್ನೊಂದು ವರ್ಷದ ಹಿಂದೆ ಅವನು ಕಟ್ಟಡದ ಕೆಲಸಕ್ಕೆಂದು ಕಡಲಾಚೆಯ ಹೆಲ್ಸಿಂಕಿಗೆ ಹಡಗು ಹತ್ತಿದ. ಎರಡು ಕಾಗದ ಬಂದವು, ಆಮೇಲೆ ಇಲ್ಲ. ಕೊನೆಗೆ ಪೊಲೀಸರು ಹುಡುಕಿ ಹೇಳಿದರು: ಬದುಕಿದ್ದಾರೆ, ವಿಳಾಸ ಕೊಡಬೇಡಿ ಅಂದಿದ್ದಾರೆ.

ಮರುದಿನ ಮಾಲ್ಲೆ ಗ್ರಂಥಾಲಯದ ಕೆಲಸಕ್ಕೆ ರಜೆ ಹಾಕಿ ಬೊಂಬೆ ಚಿತ್ರದ ಸ್ಟುಡಿಯೋಗೆ ಹೋದಳು. ಮುಂದಿನ ಕೋಣೆಯ ಸ್ಟೂಲಿನ ಮೇಲೆ ಒಂದು ಗಂಟೆ ಕಾದಳು. ಬೆರಳಿಗೆಲ್ಲ ಅಂಟು ಮೆತ್ತಿಕೊಂಡು ಕೆರ್ತು ಎಂಬಾಕೆ ಬಂದಳು. ಮೂವತ್ತರ ಹೆಂಗಸು. ಆ ಬೊಂಬೆಯನ್ನು ಕೂದಲೆಳೆಯಷ್ಟೇ ಸರಿಸಿ, ಒಂದೊಂದೇ ಚಿತ್ರ ತೆಗೆದು ನಡೆಸಿದವಳು ಅವಳೇ.

"ಯಾರನ್ನ ನೋಡಿ ಮಾಡಿದ್ರಿ ಆ ನಡಿಗೇನ?" ಮಾಲ್ಲೆ ಕೇಳಿದಳು.

"ಹೆಸರು ಗೊತ್ತಿಲ್ಲಮ್ಮ. ನಮ್ಮ ಮೇಷ್ಟ್ರು ಒಂದು ಪ್ರಯೋಗ ಮಾಡ್ಸಿದ್ರು. ಕಣ್ಣು, ಹುಬ್ಬು ಏನೂ ಬೇಡ, ಬರೀ ಬೆನ್ನು ಸಾಕು ಅಂದ್ರು. ಬೀದೀಲಿ ಯಾರನ್ನಾದ್ರೂ ಆರಿಸ್ಕೊ, ಹಿಂದೆ ನಡಿ, ಮುಖ ಮಾತ್ರ ನೋಡ್ಬೇಡ. ಅವರ ನಡಿಗೆ ನಿನ್ನ ಮೈಗೆ ಹತ್ತಿದ ಮೇಲೇ ಬೊಂಬೆ ಮುಟ್ಟು ಅಂದ್ರು."

"ಎಲ್ಲಿ ಸಿಕ್ಕಿದ್ರು?"

"ಇಲ್ಲೇ, ಕೋಪ್ಲಿ ಕಡೆ. ಟ್ರಾಮ್ ಇಳಿದು ಹೋಗೋರು. ಹೋದ ವರ್ಷ ಚಳಿಗಾಲ ಪೂರ್ತಿ ಹಿಂದೆ ಹೋದೆ. ಉದ್ದ ಕೋಟು, ಉಣ್ಣೆ ಟೋಪಿ, ಅಷ್ಟೇ ಕಂಡಿದ್ದು."

ಕೋಪ್ಲಿ. ಮಾಲ್ಲೆಯ ಮನೆಯಿರುವ ಕಡೆಯೇ. ಅವನು ಬಂದಿದ್ದಾನೆ. ಬಾಗಿಲು ತಟ್ಟಲು ಧೈರ್ಯ ಸಾಲದೆ ಬೀದಿಯಲ್ಲೇ ಸುಳಿದಾಡಿದ್ದಾನೆ.

"ಜೊತೇಲಿ ಯಾರಾದ್ರೂ ಇರ್ತಿದ್ರಾ?" ಎಂದು ಕೇಳಿದಳು.

"ಯಾರೂ ಇಲ್ಲ. ಅವರು ತಿರುಗಿದಾಗೆಲ್ಲ ಸಿಕ್ಕಿಬಿದ್ದೆ ಅಂದ್ಕೊಂಡು ಬಾಗಿಲ ಸಂದೀಲಿ ಅಡಗ್ತಿದ್ದೆ. ಆಮೇಲೆ ಗೊತ್ತಾಯ್ತು, ಅವರು ನೋಡ್ತಿದ್ದಿದ್ದು ನನ್ನನ್ನಲ್ಲ. ಹಿಂದೆ ಬರ್ಬೇಕಾದೋರು ಬರ್ತಾ ಇಲ್ಲವಲ್ಲ ಅನ್ನೋ ಹಾಗೆ ನೋಡೋರು." ಕೆರ್ತು ಬೆರಳಿನ ಅಂಟು ಕೀಳುತ್ತಾ ಕೂತಳು. "ಒಂಟಿತನ ಮುಖದಲ್ಲಿರತ್ತೆ ಅಂದ್ಕೊಂಡಿದ್ದೆ. ಕಾಲಲ್ಲೂ ಇರತ್ತೆ ಅಂತ ಅವರಿಂದ ಕಲಿತೆ. ಅವರ ಹಾಗೆ ನಡೆದು ನಡೆದು ಮನೆಗೆ ಹೋದ್ರೆ, ನನಗೆ ಒಬ್ಬಳೇ ಕೂತು ಊಟ ಮಾಡಕ್ಕಾಗ್ತಿರಲಿಲ್ಲ."

ಮಾಲ್ಲೆ ಸ್ಟೂಲಿನಿಂದ ಎದ್ದಳು. ಹನ್ನೊಂದು ವರ್ಷ ತಾನೊಬ್ಬಳೇ ಕಾದೆ ಎಂದುಕೊಂಡಿದ್ದಳು; ಅವನೂ ತಿರುಗಿ ತಿರುಗಿ ನೋಡಿದ್ದಾನೆ.

"ಆ ಜಾಗ ತೋರ್ಸಿ. ಈಗಲೇ."

ಕೆರ್ತು ಇಲ್ಲವೆನ್ನಲಿಲ್ಲ. ಮಳೆ ಬಿದ್ದು ಕಲ್ಲುಹಾಸು ಜಾರುತ್ತಿತ್ತು. ಮಾಲ್ಲೆಯ ತೋಳಿಗೆ ತೋಳು ಕೊಟ್ಟೇ ಟ್ರಾಮಿನವರೆಗೆ ನಡೆಸಿದಳು. ಇಬ್ಬರೂ ಅಕ್ಕಪಕ್ಕ ಕೂತರು. ದಾರಿಯುದ್ದಕ್ಕೂ ಮಾಲ್ಲೆ ಮೊದಲ ಮಾತು ಏನಾಡಬೇಕೆಂದು ಯೋಚಿಸಿದಳು. ಬೈಯುವುದು ಬೇಡ. ಊಟ ಆಯ್ತಾ ಎಂದು ಕೇಳಿದರೆ ಸಾಕು.

"ಇದೇ ಸ್ಟಾಪು," ಎಂದಳು ಕೆರ್ತು.

ಮಾಲ್ಲೆ ಅವಳ ತೋಳು ಬಿಟ್ಟು ಮುಂದೆ ನಡೆದೇಬಿಟ್ಟಳು. ಬೇಕರಿಯ ಮುಂದೆ ಒಬ್ಬ ಗಂಡಸಿನ ಬೆನ್ನು, ಅವನಲ್ಲ. ಔಷಧಿ ಅಂಗಡಿಯ ಬಳಿ ಇನ್ನೊಬ್ಬ, ಅವನೂ ಅಲ್ಲ. ಕೆರ್ತು ಹಿಂದೆ ಬರುತ್ತಿದ್ದಾಳೋ ಇಲ್ಲವೋ ಎಂದು ನಿಂತು ತಿರುಗಿದಳು.

ಕೆರ್ತು ಟ್ರಾಮ್ ಸ್ಟಾಪಿನಿಂದ ಕದಲಿರಲಿಲ್ಲ. ಕೈ ಬಾಯಿಯ ಮೇಲಿತ್ತು. ಮಾಲ್ಲೆ ಅವಸರದಿಂದ ವಾಪಸ್ ಬಂದಳು.

"ಯಾಕೆ ನಿಂತ್ರಿ? ಕಂಡ್ರಾ?"

"ಕಂಡ್ರು," ಎಂದಳು ಕೆರ್ತು. ಅವಳ ಕಣ್ಣು ತುಸು ಹೊರಗೆ ಎಸೆದಿಟ್ಟಿದ್ದ ಮಾಲ್ಲೆಯ ಎಡಗಾಲಿನ ಮೇಲಿತ್ತು. "ಆ ಚಳಿಗಾಲವೆಲ್ಲ ನಾನು ನಡೆದಿದ್ದು ನಿಮ್ಮ ಹಿಂದೆ ಅಮ್ಮ."