ಬೀಗರ ಮನೆಯ ತುಂಡು

"ಬೀಗರ ಮನೀಂದ ಬಂದಂಗ ಕಾಣಬೇಕು ನೋಡವಾ, ಅಂಥಾ ತುಂಡು ಕೊಡು," ಎಂದಳು ಅಲ್ಲವ್ವ.

ಗೋಕಾಕದ ಬಜಾರಿನ ಆ ಸಣ್ಣ ಅಂಗಡಿಯಲ್ಲಿ ಸಪ್ನಾ ಹಳೆ ಸೀರೆ, ಧೋತರ, ಅಂಗಿಗಳನ್ನು ಒಗೆದು, ಗೇಣಗಲ ಚೌಕ ಕತ್ತರಿಸಿ, ಕೌದಿ ಹೊಲಿಯುವವರಿಗೆ ಕಟ್ಟು ಕಟ್ಟಿ ಮಾರುತ್ತಿದ್ದಳು. ಕೆಂಪು ಕೇಳುವವರನ್ನು ಕಂಡಿದ್ದಳು, ಮೆತ್ತಗಿನದು ಕೇಳುವವರನ್ನು ಕಂಡಿದ್ದಳು. ಬೀಗರನ್ನು ಕೇಳಿದವಳು ಇವಳೇ ಮೊದಲು.

"ಬೀಗರ ತುಂಡು ಹೆಂಗಿರತಾವ್ರಿ ಆಯಿ? ಬಿಗಿಯಾಗಿರತಾವೋ, ಬೀಗತಿರತಾವೋ?"

ಅಲ್ಲವ್ವನಿಗೆ ನಗು ಬರಲಿಲ್ಲ. "ಮಗಳು ಹಡದು ಮೂರು ತಿಂಗಳಾತವಾ. ಹೆಣ್ಣು. ಕೂಸಿನ ಕೌದಿಗೆ ಅಪ್ಪನ ಮನಿ ಹಳೇ ಅರಿವಿ ಬರಬೇಕಲ್ಲ? ಬೀಗರ ಕಡಿಂದ ಒಂದು ಚಿಂದಿ ಸೈತ ಬಂದಿಲ್ಲ. ಇಕಿ ಸೂಜಿಗೆ ದಾರಾ ಪೋಣಸವಲ್ಲಳು. 'ಅರಿವಿ ಬರಲಿ, ಕೌದಿ ಆಗಲಿ, ಕೂಸಿನ ಸುತ್ತಿಕೊಂಡು ಹೋಗತೇನಿ' ಅಂತಾಳ. ಅಲ್ಲಿ ಬಿಟ್ಟು ಬಂದ ಟ್ರಂಕಿನ ಕೀಲಿಕೈ ಕೊರಳಾಗ ಕಟಗೊಂಡಾಳ, ದಿನಾ ಮುಟ್ಟಿ ಮುಟ್ಟಿ ನೋಡಕೋತಾಳ. ಅದಕ್ಕs, ಅವರs ಕಳಿಸ್ಯಾರಂತ ಹೇಳಾಕ ಒಂದು ಕಟ್ಟು ಕೊಡು. ನನ್ನ ಅಳಿಯಾ ಭೀಮಶಿ ನೀಲಿ ಚೌಕಡಿ ಅಂಗಿ ಹಾಕತಾನ, ಬೀಗತಿ ಇಳಕಲ್ ಸೀರಿ ಉಡತಾಳ. ಹಂಥಾವು ನೋಡು."

ಸಪ್ನಾ ಹೊಸ ಕಟ್ಟೊಂದನ್ನು ಬಿಚ್ಚಿ ಹರವಿದಳು. ತಡಕಾಡುತ್ತಿದ್ದ ಅಲ್ಲವ್ವನ ಕೈ ಗಿಳಿಹಸಿರು ತುಂಡೊಂದರ ಮೇಲೆ ನಿಂತಿತು. ಅದರ ನಡುವೆ ಕೆಂಪು ದಾರದ ಹೊಲಿಗೆ. ಮದುವೆಯ ದಿನ ಟೆಂಪೋದ ಮೊಳೆಗೆ ಸಿಕ್ಕು ಮಗಳ ಸೀರೆ ಹರಿದಾಗ, ಹಸಿರು ದಾರ ಸಿಗದೆ, ಆ ಹೊಲಿಗೆ ಹಾಕಿದವಳು ಅಲ್ಲವ್ವನೇ.

"ಇದು... ಎಲ್ಲಿದವಾ?"

ಸಪ್ನಾಳಿಗೆ ಅಷ್ಟು ಸಾಕಾಯಿತು. ಬಾಯಿಗೆ ಅಂಗೈ ಅಡ್ಡ ಹಿಡಿದು, ಹಳೆ ಬಟ್ಟೆಗೆ ಪಾತ್ರೆ ಕೊಡುವ ಭಾಂಡೆ ಮಾರುವವನ ದನಿ ತೆಗೆದಳು: "ಹಳೇ ಸೀರೀ... ಜರದ ಸೀರೀ... ಹರದ ಸೀರೀಗೆ ಹೊಸಾ ಭಾಂಡೇ!" ಬಾಜೂ ಅಂಗಡಿಯವರು ನಕ್ಕರು. "ಆ ಮಾರಾಂವ ತಂದು ಹಾಕಿದ್ದು ರೀ. ಕಣಗಲಾದಾಗ ಒಬ್ಬಾಕಿ ಕೀಲಿ ಮುರದು ಟ್ರಂಕs ಬರಿದು ಮಾಡಿದಳಂತ. ಆಕಿ ಮಾತಾಡಿದ್ದನ್ನ ಅಂವ ಮಾಡಿ ತೋರಿಸಿದಾ, ಕೇಳ್ರಿ." ಸಪ್ನಾ ಮೂಗು ಹಿಡಿದುಕೊಂಡಳು. "'ಎಲ್ಲಾ ಒಯ್ಯೋ ತಮ್ಮಾ! ಉಡಾಕಿ ಇನ್ನ ಬರೂದಿಲ್ಲ. ಒಂದು ಚೊಲೋ ಡಬರಿ ಕೊಟ್ಟು ಹೋಗು, ದೀಪಾವಳಿ ಮುಗದಮ್ಯಾಲೆ ಮಗಂದು ಮತ್ತ ಲಗ್ನ ಐತಿ!'"

ಎರಡು ಬಾಯಿ ದಾಟಿ ಬಂದಿದ್ದರೂ ಕಣಗಲಾದ ಬೀಗತಿಯ ಮೂಗುದನಿ ಒಂದಿಷ್ಟೂ ಸವೆದಿರಲಿಲ್ಲ.

ಅಲ್ಲವ್ವ ಹಸಿರು ತುಂಡುಗಳನ್ನು ಒಂದೊಂದಾಗಿ ಆರಿಸಿ ಬದಿಗಿಟ್ಟಳು. ತಾನು ಮಗಳಿಗೆ ಕೊಟ್ಟಿದ್ದ ಇನ್ನೆರಡು ಸೀರೆಗಳ ತುಂಡುಗಳೂ ಆ ಕಟ್ಟಿನಲ್ಲಿದ್ದವು, ಮಗಳು ಗುರುತು ಹಿಡಿಯಬಾರದೆಂದು ಅವನ್ನೂ ತೆಗೆದಳು. ಇನ್ನು ಉಳಿದವು ಯಾರ್‍ಯಾರದೋ ಎಂದುಕೊಂಡು ಕಟ್ಟಿಸಿಕೊಂಡಳು.

"ಚೊಲೋ ಚೊಲೋವು ಬಿಟ್ರಲ್ರಿ ಆಯಿ!" ಎಂದಳು ಸಪ್ನಾ.

ಮೂಡಲಗಿಯ ಬಸ್ಸಿಳಿದು ಮನೆಗೆ ಬಂದರೆ, ಮಗಳು ಕಸ್ತೂರಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಹೊಸ್ತಿಲಲ್ಲೇ ಕೂತಿದ್ದಳು. "ಕಣಗಲಾದ್ದೇನವ್ವಾ?"

"ಹೂಂ. ಕಣಗಲಾದ್ದs."

ಸುಳ್ಳು ಹೇಳುವುದಕ್ಕೆಂದು ದಾರಿಯುದ್ದಕ್ಕೂ ಗಂಟಲು ಸರಿಮಾಡಿಕೊಂಡು ಬಂದಿದ್ದ ಅಲ್ಲವ್ವ ಹೇಳಿದ್ದು ಖರೆಯೇ ಆಗಿಬಿಟ್ಟಿತ್ತು. ಒಲೆ ಊದುವ ನೆಪದಲ್ಲಿ ಒಳಗೆ ಹೋದಳು. ಹೊರಗೆ ಕಸ್ತೂರಿ ಕಟ್ಟು ಬಿಚ್ಚಿ, ಒಂದೊಂದೇ ತುಂಡನ್ನು ಅಂಗೈಯಿಂದ ಸವರಿ ಸವರಿ ಹಾಸಿದಳು. ನಡುವೆ ಒಮ್ಮೆ ಅವಳ ಕೈ ತಡೆಯಿತು. ಆಮೇಲೆ ಸೂಜಿಗೆ ದಾರ ಪೋಣಿಸಿದಳು.

ನಾಲ್ಕು ದಿನ ತಲೆ ಎತ್ತದೆ ಹೊಲಿದಳು. ಮಗಳು ಗೆಲುವಾದಳೆಂದು ಅಲ್ಲವ್ವ ಮಾತಾಡಿಸಲಿಲ್ಲ. ಐದನೆಯ ದಿನ ಕೌದಿಯ ಕೊನೆಯ ಮೂಲೆಯೊಂದು ಉಳಿಯಿತು. ಆ ಮೂಲೆಯಲ್ಲಿ ಒಂದು ಚೂರು ರೊಟ್ಟಿ ಇಟ್ಟೇ ಹೊಲಿದು ಮುಚ್ಚಬೇಕು. ಅಲ್ಲವ್ವ ರೊಟ್ಟಿ ಮುರಿದು ತಂದಳು.

"ಬ್ಯಾಡವ್ವಾ."

"ಹಸದ ಕೌದಿ ಕೂಸಿಗೆ ಹೊಚ್ಚಬಾರದು, ಹಿಡಿ."

ಕಸ್ತೂರಿ ಕೌದಿಯ ನಟ್ಟನಡುವೆ ಕೂರಿಸಿದ್ದ ಹಳದಿ ಹೂವಿನ ತುಂಡಿನ ಮೇಲೆ ಬೆರಳಿಟ್ಟಳು. "ಈ ಸೀರಿ ನೀ ನೋಡಿಲ್ಲ. ಹಿಡಕಲ್ ಡ್ಯಾಮ್ ನೋಡಾಕ ಹೋದಾಗ ಅವರು ಕೊಡಿಸಿದ್ದು. ಟ್ರಂಕಿನಾಗ ಎಲ್ಲಾದಕ್ಕೂ ತಳಕ್ಕ ಇಟ್ಟಿದ್ದೆ."

ಅಲ್ಲವ್ವನ ಕೈಯ ರೊಟ್ಟಿ ಕೈಯಲ್ಲೇ ಉಳಿಯಿತು. ಕಸ್ತೂರಿ ಕೊರಳ ದಾರ ಬಿಚ್ಚಿ, ಕೀಲಿಕೈಯನ್ನು ಆ ಮೂಲೆಯೊಳಗೆ ಇಳಿಸಿ, ಹೊಲಿಯತೊಡಗಿದಳು.

"ಕೂಸಿಗೆ ಒತ್ತತೈತೆವಾ..."

ಕಸ್ತೂರಿ ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದಳು.

"ಆ ಮೂಲಿಗೆ ಮೊದಲs ಎರಡು ಪದರ ಹೆಚ್ಚಿಗಿ ಹಾಕೇನಿ," ಎಂದಳು.