ಮನೆಗೊಂದೇ ಫೋನು

ಸರ್ಕಾರಿ ವಕೀಲರ ಬೆರಳು ಟೇಪ್ ರೆಕಾರ್ಡರಿನ ಗುಂಡಿಯ ಮೇಲೆ ನಿಂತಿತ್ತು. ಒತ್ತಿದರೆ ಮುಗಿಯಿತು, ಮನೆಯ ಮಾತೆಲ್ಲ ಬೀದಿಪಾಲು. ಮುಷ್ಕರದಲ್ಲಿ ಗಲಭೆಗೆ ಸಂಚು ಹೂಡಿದನೆಂಬ ಆರೋಪ ಹೊತ್ತು ಕಟಕಟೆಯಲ್ಲಿದ್ದ ಬಸ್ ಚಾಲಕ ಮಾತ್ರ ನಿಶ್ಚಿಂತೆಯಿಂದ ನಿಂತಿದ್ದ. ಅವನು ಫೋನಿನಲ್ಲಿ ಆಡುತ್ತಿದ್ದುದೇ 'ಹ್ಞೂಂ', 'ಬರ್ತೀನಿ', ಅಷ್ಟೇ. ಎದೆ ಡವಡವ ಅನ್ನುತ್ತಿದ್ದುದು ಅವನ ಹೆಂಡತಿಗೆ. ಪೊಲೀಸರು ತಿಂಗಳುಗಟ್ಟಲೆ ಕದ್ದು ಕೇಳಿದ್ದು ಮನೆಮಂದಿಗೆಲ್ಲ ಇದ್ದ ಒಂದೇ ಫೋನನ್ನು. ಅದರಲ್ಲೇ ಅವಳು ದಿನವೂ ಅಕ್ಕನ ಹತ್ತಿರ ಅತ್ತೆಯ ಜನ್ಮ ಜಾಲಾಡಿದ್ದಳು. ಆ ಅತ್ತೆ ಈಗ ಪಕ್ಕದಲ್ಲೇ ಕೂತು, ಧೈರ್ಯ ಹೇಳುವವರ ಹಾಗೆ ಸೊಸೆಯ ಕೈ ಹಿಡಿದುಕೊಂಡಿದ್ದರು.

"ಒಂದ್ನಿಮಿಷ," ಎಂದರು ನ್ಯಾಯಾಧೀಶೆ. "ಕದ್ದು ಕೇಳೋಕೆ ಅಪ್ಪಣೆ ಕೊಟ್ಟಿದ್ದು ಯಾರು?"

"ಮೇಲಿನವರು ಬಾಯಲ್ಲೇ ಹೇಳಿದ್ರು, ಮೇಡಂ," ಎಂದರು ವಕೀಲರು.

"ಯಾರೋ ಬಾಯಲ್ಲಿ ಹೇಳಿದ್ರು ಅಂತ ಇನ್ನೊಬ್ಬರ ಮನೆ ಮಾತಿಗೆ ಕಿವಿಗೊಡೋ ಹಾಗಿಲ್ಲ. ಅದನ್ನ ಇಲ್ಲಿ ಯಾರೂ ಕೇಳೋದು ಬೇಡ. ಅಳಿಸಿಹಾಕಿ."

ಬೇರೆ ಸಾಕ್ಷಿಯೇ ಇಲ್ಲದ ಮೊಕದ್ದಮೆ ಅಲ್ಲಿಗೇ ಬಿದ್ದುಹೋಯಿತು. ಬೆರಳು ಗುಂಡಿಯಿಂದ ಮೇಲೆದ್ದಿತು. ಸೊಸೆ ಹೋದ ಜೀವ ಬಂದಂತೆ ಉಸಿರುಬಿಟ್ಟಳು. ಪಕ್ಕದಿಂದ ಅದಕ್ಕಿಂತ ದೊಡ್ಡ ನಿಟ್ಟುಸಿರು ಕೇಳಿಬಂತು. ತನ್ನ ಕೈ ಹಿಡಿದಿದ್ದ ಅಂಗೈ ಒದ್ದೆಮುದ್ದೆಯಾಗಿರುವುದು ಅವಳಿಗೆ ಆಗಲೇ ಗೊತ್ತಾದದ್ದು.

"ಅತ್ತೆ, ನೀವ್ಯಾಕೆ ಇಷ್ಟೊಂದು ಬೆವತಿದ್ದೀರಾ?"

ಅತ್ತೆ ಕಣ್ಣು ತಪ್ಪಿಸಿ, ನಿಧಾನವಾಗಿ ಮುಖ ಒರೆಸಿಕೊಂಡರು.

"ದಿನಾ ನೀನು ಅಕ್ಕನ ಹತ್ರ ನನ್ನ ವಿಷಯ ಮಾತಾಡಿ ಫೋನ್ ಇಟ್ಟ ಮೇಲೆ, ನಾನೂ ಮಗಳಿಗೆ ಮಾಡ್ತಿದ್ನಲ್ಲಮ್ಮ."